ಉಸಿರು ಬಿಟ್ಟು ಅಳೆದ ಸೊಂಟ

ಇಪ್ಪತ್ತೆರಡು ವರ್ಷದಿಂದ ನಾನು ಕಟಿಂಗ್ ಮಾಸ್ಟರು. ಟೇಪು ಸುತ್ತಿದೊಡನೆ ಗಿರಾಕಿಗಳು ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. "ಉಸಿರು ಬಿಡಿ ಸಾರ್, ಊಟ ಆದ್ಮೇಲೂ ಹಾಕ್ಕೋಬೇಕಲ್ಲ," ಎನ್ನುತ್ತೇನೆ. ನನ್ನ ಪ್ಯಾಂಟನ್ನು ಮಾತ್ರ ಹಳೆಯ ಅಳತೆ ಪುಸ್ತಕದಲ್ಲಿದ್ದ ಮೂವತ್ತಾರು ಇಂಚಿಗೇ ಕತ್ತರಿಸುತ್ತಿದ್ದೆ. ಬಿಗಿಯಾದರೆ ಹಿಂದಿನ ಹೊಲಿಗೆ ಬಿಚ್ಚಿ, ಹುಕ್ಕು ಸರಿಸಲು ಅಕ್ಕನಿಗೆ ಕೊಡುತ್ತಿದ್ದೆ. ಅಕ್ಕ ಅಂಗಡಿಯಲ್ಲಿ ಕಾಜಾ, ಗುಂಡಿ, ಹುಕ್ಕಿನ ಕೆಲಸದವಳು. ಒಡಹುಟ್ಟಿದವಳಲ್ಲ, ಬೈಯುವುದರಲ್ಲಿ ಅದಕ್ಕಿಂತ ಹೆಚ್ಚು.

ನನಗೆ ಸಕ್ಕರೆ ಕಾಯಿಲೆ ಬಂದು ಎಂಟು ವರ್ಷ. ಹೋದ ವರ್ಷ ಸಕ್ಕರೆಯ ಮೂರು ತಿಂಗಳ ಸರಾಸರಿ ಚೆನ್ನಾಗಿ ಬಂತು. ಆ ಖುಷಿಯಲ್ಲಿ ಬಿ.ಪಿ. ಮಾತ್ರೆ, ಕೊಬ್ಬಿನ ಮಾತ್ರೆ ಎರಡನ್ನೂ ಯಾರನ್ನೂ ಕೇಳದೆ ನಿಲ್ಲಿಸಿದೆ.

ಒಂದು ಬೆಳಿಗ್ಗೆ ನಾಲ್ಕನೇ ಸಲ ಅದೇ ಪ್ಯಾಂಟನ್ನು ಅಕ್ಕನಿಗೆ ಕೊಟ್ಟೆ.

"ಇನ್ನು ಹುಕ್ಕಿಗೆ ಜಾಗ ಇಲ್ಲ ಕಣೋ. ಪಕ್ಕದ ಅಂಗಡೀಲಿ ಹಾಕ್ಲಾ?"

"ಸಕ್ಕರೆ ಸರಿಯಾಗಿದೆ ಅಕ್ಕ."

"ಸಕ್ಕರೆ ಕೇಳಿದ್ನಾ? ಮೆಟ್ಟಿಲು ಹತ್ತೋವಾಗ ಮಧ್ಯದಲ್ಲಿ ಯಾಕೆ ನಿಂತೆ? ಕೈ ಎತ್ತು."

ಟೇಪು ಸುತ್ತಿದಳು. ಹೊಟ್ಟೆ ತಾನಾಗಿ ಒಳಗೆ ಹೋಯಿತು.

"ಉಸಿರು ಬಿಡಿ ಸಾರ್," ಎಂದಳು, ನನ್ನದೇ ದನಿಯಲ್ಲಿ.

ನಲವತ್ತೊಂದೂವರೆ.

ಅಂಗಡಿಗೆ ಬೀಗ ಹಾಕಿ, ನನ್ನನ್ನು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಬಿ.ಪಿ. ನೂರ ಎಪ್ಪತ್ತೆಂಟು. ಇ.ಸಿ.ಜಿ. ಪಟ್ಟಿಯನ್ನು ಡಾಕ್ಟರಮ್ಮ ಎರಡೆರಡು ಸಲ ನೋಡಿದರು. ಅಷ್ಟು ಹೊತ್ತೂ ನಾನು ಮನೆಯಲ್ಲಿರುವ ಇಬ್ಬರು ಹೆಣ್ಣುಮಕ್ಕಳನ್ನು ನೆನೆಯುತ್ತಿದ್ದೆ.

"ಹೃದಯಕ್ಕೆ ಪೆಟ್ಟು ಬಿದ್ದ ಗುರುತು ಇದರಲ್ಲಿಲ್ಲ. ಹೀಗೇ ಬಿಟ್ರೆ ಬೀಳುತ್ತೆ. ಸಕ್ಕರೆ ಒಂದನ್ನೇ ಕಾಯ್ತಾ ಕೂತ್ರೆ ಆಗುತ್ತೇನ್ರೀ? ಬಿ.ಪಿ., ಕೊಬ್ಬು, ಸೊಂಟ, ಕಿಡ್ನಿ, ಎಲ್ಲಾ ಒಟ್ಟಿಗೆ ನೋಡ್ಬೇಕು. ಒಂದು ತೋಳು ಮಾತ್ರ ನೆಟ್ಟಗೆ ಹೊಲಿದು ಶರ್ಟು ಕೊಡ್ತೀರಾ?"

"ಹಂಗೂ ಕೊಟ್ಟಿದ್ದಾನೆ ಮೇಡಂ," ಎಂದಳು ಅಕ್ಕ.

ಮಾತ್ರೆಗಳು ಮತ್ತೆ ಶುರುವಾದವು. ಅಕ್ಕನೇ ಗುಂಡಿ ಡಬ್ಬಿಯ ಖಾನೆಗಳನ್ನು ಖಾಲಿ ಮಾಡಿ, ವಾರದ ಮಾತ್ರೆ ತುಂಬಿಟ್ಟಳು. ಸಿಗರೇಟು ಬಿಟ್ಟೆ. ಉಪ್ಪು ಕಡಿಮೆಯಾಯಿತು. ಬಸ್ಸು ಬಿಟ್ಟು ನಡೆದೇ ಬರತೊಡಗಿದೆ. ಮೊದಮೊದಲು ದಾರಿಯುದ್ದಕ್ಕೂ ಅವಳನ್ನು ಶಪಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಎಂಟು ತಿಂಗಳಾಯಿತು. ಬಿ.ಪಿ. ಹತೋಟಿಗೆ ಬಂದಿದೆ. ಮೆಟ್ಟಿಲ ಮಧ್ಯ ನಿಲ್ಲುವುದಿಲ್ಲ. ಇವತ್ತು ಹೊಸ ಪ್ಯಾಂಟಿನ ಬಟ್ಟೆ ಹಾಸಿ, ಟೇಪನ್ನು ಅಕ್ಕನ ಕೈಗೇ ಕೊಟ್ಟೆ. ಉಸಿರು ಪೂರ್ತಿ ಬಿಟ್ಟೆ.

"ಮೂವತ್ತೆಂಟೂವರೆ," ಎಂದಳು.

ಪುಸ್ತಕದಲ್ಲಿ ಮೂವತ್ತಾರನ್ನು ಹೊಡೆದು ಹಾಕಿ ಅದನ್ನೇ ಬರೆದೆ.

"ಅಕ್ಕ, ಅವತ್ತು ನೀನು ಸುಮ್ಮನೆ ಹುಕ್ಕು ಸರಿಸಿ ಕೊಟ್ಟಿದ್ರೆ..." ಎಂದೆ.

"ಈಚೆಗೆ ಎರಡು ಸಲ ಒಳಗೂ ಸರಿಸಿದ್ದೀನಿ. ಅದಕ್ಕೆ ಯಾರಪ್ಪ ಥ್ಯಾಂಕ್ಸ್ ಹೇಳಿದ್ರು?"

ಹೇಳಿದೆ. ಎರಡು ಸಲ ಹೇಳಿದೆ.

"ಸರಿ, ಕತ್ತರಿಸು. ಗಿರಾಕಿ ಕಾಯ್ತಿದ್ದಾರೆ," ಎಂದು ಸೂಜಿಗೆ ದಾರ ಪೋಣಿಸಿದಳು.