ಬಿದಿರ ಬೆಣೆ

"ಅದನ್ನ ಯಾರೂ ಮುಟ್ಬೇಡ್ರಿ. ನಾಳೆ ಮೊದಲ್ನೇ ಬಸ್ಸಿಗೇ ಬರ್ತೀನಿ," ಎಂದಳು ಗೀತಮ್ಮ ಫೋನಿನಲ್ಲಿ. ಅವಳ ದನಿಯ ಹಿಂದೆ ದೇವಸಮುದ್ರದ ತವರುಮನೆಯ ಗದ್ದಲವಿತ್ತು. ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕಲು ಸೇರಿದ್ದ ಹೆಂಗಸರು ನಗುತ್ತಿದ್ದರು. "ಪ್ಲಗ್ ಕೆಟ್ಟಿಲ್ಲ. ಪಂಪು ನಿಲ್ಲಬೇಕಾದಾಗ ನಿಂತಿಲ್ಲ, ಅದಕ್ಕೇ ಪ್ಲಗ್ಗು ಕರೆಂಟು ಕಿತ್ತೈತೆ. ನನ್ನ ಫೋನಿಗೆ ಮೆಸೇಜ್ ಬಂದೈತೆ. ಕೇಳಿಸ್ತೇನ್ರಿ?"

"ಕೇಳಿಸ್ತು, ಇಡು," ಎಂದ ಗಂಡ ಓಬಳೇಶ.

ಎರಡು ಕೈಯಲ್ಲೂ ಕೆಲಸವಿದ್ದದ್ದರಿಂದ ಫೋನನ್ನು ನೆಲದ ಮೇಲಿಟ್ಟು ಸ್ಪೀಕರ್ ಹಾಕಿದ್ದ. ತಪ್ಪಾಗಿದ್ದು ಅಲ್ಲೇ. ಚಳ್ಳಕೆರೆಯ ಆ ಸೀರೆ ಅಂಗಡಿಯಲ್ಲಿದ್ದವರೆಲ್ಲ ಕೇಳಿಸಿಕೊಂಡಿದ್ದರು. ಲೆಕ್ಕ ಬರೆಯುವ ಮಾರುತೇಶ ಕನ್ನಡಕ ಏರಿಸಿಕೊಂಡು, "ಏನ್ ಓಬಳೇಶಣ್ಣ, ಮೋಟ್ರು ಮುಟ್ಟೋಕೂ ಮನೆಯೋರ ಪರ್ಮಿಷನ್ ಬೇಕಾ?" ಎಂದ. ಸೀರೆ ಮಡಚುತ್ತಿದ್ದ ಹುಡುಗಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಓಬಳೇಶನ ಕಿವಿ ಬಿಸಿಯಾಯಿತು. ಅವನಿಗೆ ಸಿಟ್ಟು ಬರಲು ಇಷ್ಟು ಸಾಕು.

ಎದುರಿಗಿದ್ದದ್ದು ಅಂಗಡಿಯ ಮಾಲೀಕ ಸಿದ್ದಲಿಂಗೇಶ್ ಬೆಂಗಳೂರಿನವರನ್ನು ಕರೆಸಿ ಕಟ್ಟಿಸಿದ ಗಾಜಿನ ತೊಟ್ಟಿ. ಅದರ ಪಂಪು ನಿಂತಿದೆ ಎಂದೇ ಓಬಳೇಶನನ್ನು ಕರೆಸಿದ್ದರು. ಉಪ್ಪುನೀರು, ಅದರೊಳಗೆ ಜೀವಂತ ಹವಳ, ಕಿತ್ತಳೆ ಬಣ್ಣದ ಮೀನು. ಅದನ್ನು ನೋಡಲು ಬಂದವರು ಮೊಳಕಾಲ್ಮೂರು ಸೀರೆಯನ್ನೂ ನೋಡುತ್ತಿದ್ದರು. ಗೀತಮ್ಮ ಸೇರಿದ್ದು ಕಸ ಗುಡಿಸಲಿಕ್ಕೆ. ಗುಡಿಸುತ್ತ ಗುಡಿಸುತ್ತ ಆ ತೊಟ್ಟಿಯ ಮುಂದೆ ನಿಲ್ಲತೊಡಗಿದಳು. ತನ್ನ ತಾಳಿಯ ಪಕ್ಕದ ಕೆಂಪು ಹವಳದ ಮಣಿ ಒಂದು ಕಾಲಕ್ಕೆ ಹೀಗೆ ನೀರೊಳಗೆ ಉಸಿರಾಡುತ್ತಿತ್ತು ಎಂಬುದೇ ಅವಳಿಗೆ ನಂಬಲಾಗದ ಸಂಗತಿ. ಬೆಂಗಳೂರಿನವರು ಫೋನಿನಲ್ಲಿ ಹೇಳಿದ್ದನ್ನೆಲ್ಲ ಕಲಿತಳು. ಉಪ್ಪು ಕಲಸುವುದು, ನೀರು ಪರೀಕ್ಷೆ ಮಾಡುವುದು ಎಲ್ಲ ಅವಳ ಪಾಲಿಗೆ ಬಂತು. "ದೇವಸಮುದ್ರ, ಗೌರಸಮುದ್ರ ಅಂತ ಊರೂರೂ ಸಮುದ್ರ. ನಾನು ಸಮುದ್ರ ನೋಡಿದ್ದು ಮಾತ್ರ ಸೀರೆ ಅಂಗಡೀಲಿ," ಎಂದು ನಗುತ್ತಿದ್ದಳು. ಈಗ ಅಂಗಡಿಯಲ್ಲಿ ಅವಳಿಗೆ ಪೊರಕೆ ಕೊಡುವವರಿರಲಿಲ್ಲ. "ಈ ತೊಟ್ಟಿ ಇರೋತನಕ ನೀನು ಇಲ್ಲಿ ಇರ್ತೀಯಮ್ಮ," ಎಂದಿದ್ದ ಮಾಲೀಕ. ಅದರ ಇನ್ನೊಂದು ಅರ್ಥವೂ ಅವಳಿಗೆ ಗೊತ್ತಿತ್ತು.

ಹವಳ ಬೆಳೆಯಲು ಅಡುಗೆ ಸೋಡಾದಂಥ ಒಂದು ಪುಡಿ ಕಲಸಿದ ನೀರು ಬೇಕು. ಅದೂ ತೊಟ್ಟು ತೊಟ್ಟಾಗಿ. ಅದನ್ನು ಹಾಕಲಿಕ್ಕೆ ಅಂಗೈಯಗಲದ ಒಂದು ಪಂಪು. ಆಗಾಗ ಅರ್ಧ ನಿಮಿಷ ಓಡಿ ನಿಲ್ಲುತ್ತದೆ. ಒಂದು ದಿನ ಹಾಕದಿದ್ದರೆ ಏನೂ ಆಗದು. ನಿಲ್ಲದೆ ಸುರಿದರೆ ವಿಷ. ಒಮ್ಮೆ ಆ ಪಂಪು ನಿಲ್ಲದೆ ಓಡಿದಾಗ ಗೀತಮ್ಮ ಪಕ್ಕದಲ್ಲೇ ಇದ್ದದ್ದರಿಂದ ಬಚಾವಾಗಿತ್ತು. ಆಮೇಲೆ ಹಟ ಹಿಡಿದು ಈ ಪ್ಲಗ್ಗು ತರಿಸಿದ್ದಳು. ಪಂಪು ಎಷ್ಟು ಕರೆಂಟು ಎಳೆಯುತ್ತದೆ ಎಂದು ಅದು ಅಳೆಯುತ್ತಲೇ ಇರುತ್ತದೆ. ಪಂಪು ಸುಮ್ಮನಿದ್ದರೆ ಸೊನ್ನೆ, ಓಡಿದರೆ ನಾಲ್ಕು ವ್ಯಾಟ್. ಆ ನಾಲ್ಕು ವ್ಯಾಟ್ ಒಂದು ನಿಮಿಷ ದಾಟಿತೋ, ತಾನೇ ಕಡಿದು ಅವಳ ಫೋನಿಗೆ ತಿಳಿಸುತ್ತದೆ.

"ನಾಕ್ ವ್ಯಾಟಿಗೆ ಕಾವಲುಗಾರನಾ?" ಎಂದು ಓಬಳೇಶ ಆವತ್ತು ಆಡಿಕೊಂಡಿದ್ದ.

"ನಿಮ್ಮ ಮೋಟ್ರು ಸುಟ್ರೆ ಮತ್ತೆ ತಂತಿ ಸುತ್ತಬೋದು. ಇವು ಸತ್ರೆ ಏನು ಸುತ್ತೀರಿ?" ಎಂದಿದ್ದಳು.

ಓಬಳೇಶನದು ಪಾವಗಡ ರಸ್ತೆಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಬೋರಿನ ಸ್ಟಾರ್ಟರು ಪದೇ ಪದೇ ಟ್ರಿಪ್ ಆಗಿ ಮೋಟರು ನಿಲ್ಲಿಸುತ್ತದೆ ಎಂದು ಯಾರು ಕರೆದರೂ ಅವನ ಮದ್ದು ಒಂದೇ. ಮುಚ್ಚಳ ಬಿಚ್ಚಿ ಒಳಗೊಂದು ಬಿದಿರ ಬೆಣೆ ಬಡಿಯುವುದು. ಆಮೇಲೆ ಸ್ಟಾರ್ಟರಿಗೆ ಟ್ರಿಪ್ ಆಗುವ ಸ್ವಾತಂತ್ರ್ಯವೇ ಇಲ್ಲ. ಕರೆಂಟು ಬಂದಾಗೆಲ್ಲ ಮೋಟರು ಓಡುತ್ತದೆ. ಯಾವಾಗಲೋ ಸುಟ್ಟರೆ ಅದು ಬರುವುದೂ ಅವನ ಅಂಗಡಿಗೇ. ಇದರಲ್ಲಿ ಮೋಸವಿದೆ ಎಂದು ಅವನಿಗೆ ಅನ್ನಿಸಿರಲಿಲ್ಲ. ನೀರು ಕೇಳಿದವರಿಗೆ ನೀರು ಕೊಟ್ಟಿದ್ದ, ಅಷ್ಟೆ. ಆ ಬೆಣೆಗಳನ್ನು ಸೀಳಿ ಡಬ್ಬಿ ತುಂಬಿಸಿ ಕೊಡುತ್ತಿದ್ದವಳು ಗೀತಮ್ಮನೇ. ಒಂದು ತುದಿಯನ್ನು ಓರೆಯಾಗಿ, ಗಿಣಿಮೂಗಿನ ಹಾಗೆ ಕೆತ್ತುತ್ತಿದ್ದಳು. ಬೇರೆ ಯಾರೂ ಹಾಗೆ ಕೆತ್ತುತ್ತಿರಲಿಲ್ಲ.

"ಏನ್ ಮಾಡ್ತೀಯಪ್ಪ?" ಎಂದ ಸಿದ್ದಲಿಂಗೇಶ್. "ಔಷಧಿ ಬೀಳದಿದ್ರೆ ಹವಳ ಸಾಯ್ತಾವೇನೋ. ನಾಳೆ ಬಳ್ಳಾರಿಯಿಂದ ಮದುವೆ ಪಾರ್ಟಿ ಬರ್ತೈತೆ."

"ಅಣ್ಣಂಗೆ ಗೊತ್ತಾಗ್ಲಿಲ್ಲ ಅಂದ್ರೆ ಅಕ್ಕ ಬರೋತನಕ ಕಾಯಾಣ ಬಿಡಿ ಸಾವ್ಕಾರ್ರೆ," ಎಂದ ಮಾರುತೇಶ.

"ಲೇ ಮಾರುತೇಶ, ನೀನು ಹಾಲು ಕುಡಿಯೋವಾಗಿಂದ ನಾನು ಮೋಟ್ರು ಕಟ್ತಾ ಇದೀನಿ. ಮುಚ್ಚು ಬಾಯಿ."

ಪ್ಲಗ್ಗನ್ನು ಕಿತ್ತು ಪಕ್ಕಕ್ಕೆಸೆದ. ಪಂಪಿನ ವೈರನ್ನು ನೇರ ಗೋಡೆಯ ಬೋರ್ಡಿಗೆ ಸಿಕ್ಕಿಸಿದ. ಸಾಕೆಟ್ಟು ಸಡಿಲವಾಗಿತ್ತು. ಕೈ ಅಭ್ಯಾಸದಿಂದ ಚೀಲದ ಡಬ್ಬಿಗೆ ಹೋಗಿ ಒಂದು ಬೆಣೆ ತಂದು ಸಂದಿಗೆ ಒತ್ತಿತು. ಪಂಪು ಗುಂಯ್ ಎಂದಿತು.

"ಡೈರೆಕ್ಟ್ ಮಾಡೀನಿ. ಇನ್ನು ಇದು ನಿಲ್ಲಲ್ಲ," ಎಂದ ಎಲ್ಲರಿಗೂ ಕೇಳುವಂತೆ. ಅವನು ಹೇಳಿದ್ದು ನಿಜವಾಗಿತ್ತು.

ಸಂಜೆ ಅಂಗಡಿಯಲ್ಲಿ ತಂತಿ ಸುತ್ತುತ್ತಿದ್ದಾಗ ಗೀತಮ್ಮ ಮತ್ತೆ ಫೋನು ಮಾಡಿದಳು. "ಪ್ಲಗ್ಗು ಸಿಗ್ತಾನೇ ಇಲ್ಲ ಅಂತ ತೋರಿಸ್ತೈತೆ. ಯಾರಾದ್ರೂ ಕಿತ್ತರಾ? ನಿಜ ಹೇಳ್ರಿ, ಈಗ್ಲೇ ಆದ್ರೆ ಆ ಹುಡುಗೀರಿಗೆ ಹೇಳಿ ಪಂಪು ಆಫ್ ಮಾಡಿಸ್ತೀನಿ."

ಹೇಳಬಹುದಿತ್ತು. ಬಾಯಿಯವರೆಗೆ ಬಂದೂ ಇತ್ತು. ಅವಳು ಫೋನು ಮಾಡುತ್ತಾಳೆ, ಹುಡುಗಿ ಹೋಗಿ ಸ್ವಿಚ್ಚು ಆರಿಸುತ್ತಾಳೆ, ಮಾರುತೇಶ ಹಲ್ಲು ಕಿರಿಯುತ್ತಾನೆ. ಆ ಹಲ್ಲು ಕಣ್ಣ ಮುಂದೆ ಬಂತು.

"ಊರಲ್ಲೆಲ್ಲ ಕರೆಂಟೇ ಇಲ್ಲ ಕಣೆ," ಎಂದ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

"ಹಂಗಾ? ಹಂಗಾದ್ರೆ ಪಂಪೂ ಓಡಲ್ಲ, ಸರಿ ಬಿಡ್ರಿ," ಎಂದಳು. ಅವಳ ದನಿ ಹಗುರವಾಯಿತು.

ಮರುದಿನ ಬೆಳಿಗ್ಗೆ ಸಿದ್ದಲಿಂಗೇಶ್ ಓಬಳೇಶನನ್ನು ಕರೆಸಿದಾಗ ಗೀತಮ್ಮ ಬಸ್ಸಿಳಿದು ನೇರ ಅಂಗಡಿಗೇ ಬಂದಿದ್ದಳು. ಮುಡಿಯಲ್ಲಿ ನಿನ್ನೆಯ ಕನಕಾಂಬರ ಹಾಗೇ ಇತ್ತು. ತೊಟ್ಟಿಯ ನೀರು ಸುಣ್ಣ ಕದಡಿದ ನೀರಿನಂತೆ ಬೆಳ್ಳಗಾಗಿತ್ತು. ಒಳಗಿನದೊಂದೂ ಕಾಣುತ್ತಿರಲಿಲ್ಲ. ಮೇಲೆ ಮಾತ್ರ ಎರಡು ಕಿತ್ತಳೆ ಮೀನು ಅಡ್ಡ ಬಿದ್ದು ತೇಲುತ್ತಿದ್ದವು. ಅವಳು ತೋಳುದ್ದ ಕೈ ಹಾಕಿ ಒಂದು ಹವಳವನ್ನು ಮುಟ್ಟಿದಳು. ಕೈ ಹೊರಗೆ ಬಂದಾಗ ಬೆರಳಿಗೆ ಲೋಳೆ ಮೆತ್ತಿತ್ತು.

"ತೊಟ್ಲು ತೂಗೋಕೆ ಹೋಗಿದ್ದೆ, ಅಲ್ವಾ?" ಸಿದ್ದಲಿಂಗೇಶ್ ಕೂಗಾಡಿದ. "ನಿನ್ನ ಕಾವಲು ಪ್ಲಗ್ಗು ನೆಟ್ಟಗಿದ್ದಿದ್ರೆ ನಿನ್ನೆ ಇವನನ್ನ ಯಾಕೆ ಕರೆಸ್ಬೇಕಿತ್ತು?"

ಗೀತಮ್ಮ ಬಗ್ಗಿ ತೊಟ್ಟಿಯ ಕೆಳಗೆ ನೋಡಿದಳು. ಬಾಡಿದ ಹೂವೊಂದು ಉದುರಿತು. ಗೋಡೆಯ ಬೋರ್ಡಿಗೆ ಕೈ ಹೋಯಿತು. ಎದ್ದು ನಿಂತಾಗ ಮುಷ್ಟಿ ಬಿಗಿದಿತ್ತು. ಬೆರಳ ಸಂದಿಯಲ್ಲಿ ಗಿಣಿಮೂಗಿನ ತುದಿಯೊಂದು ಓಬಳೇಶನಿಗೆ ಕಾಣಿಸಿತು.

ಅವಳು ಅವನನ್ನು ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ. ಕಾಯುತ್ತಿದ್ದಳು.

"ಓಬಳೇಶ, ನೀನೇ ಹೇಳಪ್ಪ, ಏನಾಗಿತ್ತು ಇದಕ್ಕೆ?" ಎಂದ ಮಾಲೀಕ. ಮಾರುತೇಶ ಲೆಕ್ಕ ಬಿಟ್ಟು ತಲೆ ಎತ್ತಿದ್ದ.

"ಪ್ಲಗ್ಗೇ ಸರಿ ಇರ್ಲಿಲ್ಲ ಸಾವ್ಕಾರ್ರೆ," ಎಂದ ಓಬಳೇಶ. "ಅಗ್ಗದ ಮಾಲು. ಅದನ್ನ ನಂಬಬಾರದಿತ್ತು."

ಗೀತಮ್ಮ ಮುಷ್ಟಿ ಬಿಚ್ಚಲಿಲ್ಲ. ಇನ್ನೊಂದು ಕೈಯಿಂದ ಮೀನುಗಳನ್ನು ಒಂದೊಂದಾಗಿ ತೆಗೆದು ಕಾಗದದ ಮೇಲಿಟ್ಟಳು. ನಾಳೆಯಿಂದ ಬರಬೇಡ ಎಂದು ಸಿದ್ದಲಿಂಗೇಶ್ ಹೇಳಿದಾಗಲೂ ಅವಳು ಕೆಲಸ ನಿಲ್ಲಿಸಲಿಲ್ಲ. ಮುಗಿಸಿ, ಕೈ ತೊಳೆದು, ಚೀಲ ಹೆಗಲಿಗೇರಿಸಿಕೊಂಡು ಹೊರಟಳು.

ಸಂಜೆ ಓಬಳೇಶ ಮನೆಗೆ ಬಂದಾಗ ಅವಳು ಹಿತ್ತಲ ನೀರೊಲೆಯ ಮುಂದೆ ಕೂತಿದ್ದಳು. ಪಕ್ಕದಲ್ಲಿ ಬೆಣೆಗಳ ದೊಡ್ಡ ಡಬ್ಬ. ಒಂದೊಂದು ಹಿಡಿ ತೆಗೆದು ಒಲೆಗೆ ಹಾಕುತ್ತಿದ್ದಳು. ಒಣಗಿದ ಬಿದಿರು ಚಟಚಟ ಎಂದು ಹೊತ್ತಿಕೊಳ್ಳುತ್ತಿತ್ತು.

ಹೇಳಬೇಕೆಂದುಕೊಂಡು ಬಂದ ಮಾತು ಬೇರೆ. ಬಾಯಿಂದ ಬಂದದ್ದು, "ಏನ್ ಮಾಡ್ತಿದೀಯ ಲೇ? ನಾಳೆ ಮೂರು ಕಡೆ ಸ್ಟಾರ್ಟ್ರು ಕೆಲಸ ಐತೆ. ಬೆಣೆ ಬೇಕಾಗ್ತಾವೆ."

ಅವಳು ಡಬ್ಬವನ್ನು ತಲೆಕೆಳಗು ಮಾಡಿ ತಟ್ಟಿದಳು. ಪುಡಿಯೂ ಬೆಂಕಿಗೆ ಬಿತ್ತು.

"ನೀರು ಕಾದೈತೆ. ಸ್ನಾನ ಮಾಡ್ರಿ," ಎಂದು ಎದ್ದು ಒಳಗೆ ಹೋದಳು.

ಅವನು ಬಚ್ಚಲಿಗೆ ಹೋಗಿ ಬಕೆಟ್ಟಿಗೆ ನೀರು ತೋಡಿಕೊಂಡ. ಗೋಡೆಯ ಗೂಡಿನಲ್ಲಿ ಸೋಪಿನ ಡಬ್ಬಿ ಇತ್ತು. ಅದಕ್ಕೆ ಒರಗಿಸಿ, ಬೆಳಿಗ್ಗೆ ಅವಳ ಮುಷ್ಟಿಯಲ್ಲಿದ್ದ ಆ ಒಂದೇ ಒಂದು ಬೆಣೆ ನಿಲ್ಲಿಸಿತ್ತು, ಓರೆ ತುದಿ ಮೇಲೆ ಮಾಡಿ. ಓಬಳೇಶ ಸೋಪಿಗೆ ಕೈ ಚಾಚಿದವನು ಹಿಂದಕ್ಕೆ ತೆಗೆದ. ಬರೀ ನೀರನ್ನೇ ಹೊಯ್ದುಕೊಳ್ಳತೊಡಗಿದ.