ಮೊದಲೇ ಮನೆಗೆ ಬಂದ ಮೆಷಿನ್

ತಿಳಿದವರು ಹೇಳಬೇಕಾದ ಕತೆಯಿದು. ಅರೆಬರೆ ತಿಳಿದವರು ಬಾಯಿ ಹಾಕಿದ್ದಕ್ಕೆ ಕ್ಷಮೆಯಿರಲಿ.

ಶಾಲೆಯ ಸಮವಸ್ತ್ರ ಹೊಲಿಯುವ ಒಬ್ಬ ಹೆಂಗಸು, ಬಡ್ಡಿ ಹರಾಮೆಂದು ಸಾಲದ ತಂಟೆಗೇ ಹೋಗದೆ ಹಳೆಯ ಹೊಲಿಗೆ ಮೆಷಿನನ್ನೇ ತುಳಿಯುತ್ತಿದ್ದಳು. ಇಸ್ಲಾಮಿ ಬ್ಯಾಂಕು ಮೆಷಿನನ್ನು ತಾನೇ ಕೊಂಡು, ಲಾಭ ಇಷ್ಟೆಂದು ಮೊದಲೇ ಹೇಳಿ, ಕಂತಿನ ಮೇಲೆ ಮಾರುತ್ತದೆ ಎಂದು ತಿಳಿದಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬ್ಯಾಂಕಿನವರು ಒಪ್ಪಿದ್ದೇ ತಡ, "ದುಡ್ಡು ಬ್ಯಾಂಕು ಕೊಡುತ್ತೆ" ಎಂದು ಅಂಗಡಿಯವನಿಗೆ ಹೇಳಿ, ಕರೆಂಟಿನ ಮೆಷಿನನ್ನು ಮನೆಗೆ ತಂದೇಬಿಟ್ಟಳು. ಒಂದಿಷ್ಟು ಕಾಲರುಗಳನ್ನೂ ಹೊಲಿದಳು.

ಸಹಿ ಹಾಕಲು ಹೋದಾಗ ಬ್ಯಾಂಕಿನ ಅಧಿಕಾರಿ ಕೇಳಿದರು: "ಮೆಷಿನ್ ಅಂಗಡೀಲೇ ಇದೆ ತಾನೇ?"

"ಇಲ್ಲ ಸರ್, ಮನೇಲಿದೆ. ಚೆನ್ನಾಗಿ ಓಡ್ತಿದೆ!"

ಅವರು ಪೆನ್ನಿನ ಮುಚ್ಚಳ ಹಾಕಿದರು. "ಅಯ್ಯೋ, ನೀವೇ ಕೊಂಡ್ಬಿಟ್ರಲ್ಲಮ್ಮ! ನಿಮ್ಮ ವಸ್ತುನ ನಿಮಗೇ ಹೇಗೆ ಮಾರೋದು? ಈಗ ದುಡ್ಡು ಕೊಟ್ರೆ ಅದು ಬರೀ ಸಾಲ, ನಮ್ಮ ಲಾಭ ಬಡ್ಡೀನೇ. ಆ ವ್ಯಾಪಾರ ಮುರಿದು ವಾಪಸ್ ಕೊಡಿ. ನಾವು ಕೊಂಡು ಆಮೇಲೆ ಮಾರ್ತೀವಿ."

ಎದುರು ರಸ್ತೆಯಲ್ಲಿ ಅಂಥದೇ ಬೋರ್ಡಿನ ಇನ್ನೊಂದು ಸಂಸ್ಥೆಯಿತ್ತು. ಅವಳು ಹೋಗಿ ನಡೆದದ್ದು ಹೇಳಿದಾಗ ಅಲ್ಲಿನವನು ನಕ್ಕ. "ಇಷ್ಟೇನಾ ಅಕ್ಕ? ನಾವೇ ಮೊದ್ಲು ಕೊಂಡು ನಿಮಗೆ ಮಾರಿದ ಹಾಗೆ ಕಾಗದಕ್ಕೆ ಹಿಂದಿನ ತಾರೀಕು ಹಾಕ್ಕೊಂಡ್ರೆ ಆಯ್ತು."

"ನೀವು ಮೆಷಿನ್ ನೋಡೇ ಇಲ್ವಲ್ಲ?"

"ನೋಡಿ ಏನ್ಮಾಡ್ಲಿ, ನಂಗೇನು ಹೊಲಿಯೋಕೆ ಬರುತ್ತಾ?"

"ದಾರೀಲಿ ಬಿದ್ದು ಮುರಿದಿದ್ರೆ ನಷ್ಟ ಯಾರದಾಗ್ತಿತ್ತು?"

"ನಿಮ್ದೇ! ಇನ್ಯಾರದು?"

ಮನೆಗೆ ಬಂದರೂ ಕೂತಲ್ಲಿ ಕೂರಲಾಗಲಿಲ್ಲ. ಮೆಷಿನಿನ ಹೊದಿಕೆ ತೆಗೆದಳು, ಮತ್ತೆ ಮುಚ್ಚಿದಳು.

"ಎರಡರ ಬೋರ್ಡೂ ಒಂದೇ ಅಲ್ವೇನೇ?" ಎಂದರು ಅತ್ತೆ. "ಶಾಲೆ ಶುರುವಾಗೋಕೆ ಬಂತು. ನೀನು ಇನ್ನೂ ಸೂಜಿ ಕಣ್ಣಲ್ಲಿ ಇಣುಕ್ತಾ ಕೂತಿರು!"

"ಬೋರ್ಡು ಒಂದೇ ಅತ್ತೆ. ಆದ್ರೆ ಮಾರೋವರೆಗಿನ ನಷ್ಟ ಆ ಬ್ಯಾಂಕು ತಾನೇ ಹೊರುತ್ತೆ, ಇವನು ನನ್ನ ಮೇಲೆ ಹಾಕ್ತಾನೆ."

ಮೆಷಿನನ್ನು ಹಳೆಯ ಚಾದರದಲ್ಲಿ ಸುತ್ತಿ ಸಾಮಾನಿನ ಗಾಡಿಗೇರಿಸಿ, ಹಳ್ಳ ಸಿಕ್ಕಾಗಲೆಲ್ಲ ಎರಡೂ ಕೈಯಲ್ಲಿ ತಬ್ಬಿಕೊಂಡು ಅಂಗಡಿಗೆ ಹೋದಳು. ಈಗ ಬಿದ್ದರೆ ನಷ್ಟ ತನ್ನದೇ.

ಅಂಗಡಿಯವನು ತಿರುಗಿಸಿ ಮುರುಗಿಸಿ ನೋಡಿದ. "ತಗೋತೀನಿ ಅಕ್ಕ. ಆದ್ರೆ ಇದೊಂದೇ ಇರೋದು. ಬೇರೆ ಗಿರಾಕಿ ಬಂದ್ರೆ ನಿಮ್ಮ ಬ್ಯಾಂಕಿಗೆ ಕಾಯಲ್ಲ."

"ಆಗ್ಲಿ" ಎಂದಳು. ಬ್ಯಾಂಕಿಗೆ ಸುದ್ದಿ ಮುಟ್ಟಿಸಿ, ಮನೆಗೆ ಬಂದು ಹಳೆಯ ಮೆಷಿನಿಗೆ ಕೂತಳು. ಫೋನು ಸದ್ದಾದಾಗಲೆಲ್ಲ ಅವಳ ಕಾಲು ನಿಲ್ಲುತ್ತಿತ್ತು.

ಬ್ಯಾಂಕಿನವರು ಮೊದಲು ಅಂಗಡಿ ಮುಟ್ಟಿದರೋ, ಬೇರೆ ಗಿರಾಕಿಯೋ ಗೊತ್ತಿಲ್ಲ. ವಾಪಸ್ ಕೊಟ್ಟ ಮೆಷಿನಿನಲ್ಲಿ ಹೊಲಿದದ್ದೆಂದು ಅವಳು ಬೇರೆಯಾಗಿ ಎತ್ತಿಟ್ಟ ಆ ಕಾಲರುಗಳ ಕೂಲಿ ಅವಳಿಗೆ ಸಲ್ಲುತ್ತದೋ ಇಲ್ಲವೋ, ಅದೂ ಗೊತ್ತಿಲ್ಲ.