ಹಣೆಯ ಮೇಲಿನ ಹನ್ನೊಂದು

ಫೋನು ಮುಖ ಗುರುತಿಸಿತು, ಮೊದಲ ನೋಟಕ್ಕೇ, ದಿಂಬಿಗೆ ಒತ್ತಿದ ಕೆನ್ನೆಯನ್ನೂ ಕೆದರಿದ ಕೂದಲನ್ನೂ ಲೆಕ್ಕಿಸದೆ ತೆರೆದುಕೊಂಡಿತು — ಅದು ಕಣ್ಣುಗಳ ನಡುವಿನ ದೂರ ಅಳೆಯುತ್ತದೆಯಂತೆ, ಮೂಗಿನ ಉದ್ದ ಅಳೆಯುತ್ತದೆಯಂತೆ, ಪಕ್ಕದ ದಿಂಬಿನ ಗುಳಿ ಸಮನಾಗಿಬಿಟ್ಟದ್ದು ಅದಕ್ಕೆ ಬೇಕಾಗಿಲ್ಲ. ಜಾನಿಸ್ ಎದ್ದು ಕೂತಳು, ಅಥವಾ ಮೈ ಎದ್ದು ಕೂತಿತು, ಅವಳು ಇನ್ನೂ ಮಲಗಿಯೇ ಇದ್ದಳು. ಕೆಳಗೆ, ಗಲ್ಫಿನ ಖಾಲಿದಿಯಾ ಬಡಾವಣೆಯ ರಸ್ತೆಯಲ್ಲಿ ಕಸದ ಲಾರಿ ಹಿಂದೆ ಹಿಂದೆ ಸರಿಯುತ್ತಾ ಕೂಗುತ್ತಿದೆ, ಕೆಫೆಟೇರಿಯಾದವನು ಶಟರ್ ಎತ್ತಿದ, ಸೋಮವಾರ. ಊರಿನಲ್ಲಿ ಗಂಡ ಕ್ಲೈವ್‌ನನ್ನು ಮಣ್ಣು ಮಾಡಿ, ಇಗರ್ಜಿಯಲ್ಲಿ ತಿಂಗಳ ಪೂಜೆ ಮುಗಿಸಿ, ನಿನ್ನೆ ವಿಮಾನ ಇಳಿದದ್ದು, ಈಗ ಬರೇ ಸೋಮವಾರ, ಯಾರೂ ಕಾಫಿ ತಂದುಕೊಡುವುದಿಲ್ಲ, ಯಾರೂ ಪಾಪ ಅನ್ನುವುದಿಲ್ಲ, ಕ್ಲಿನಿಕ್ಕಿಗೆ ಕೆಲಸಕ್ಕೆ ಹೋಗಬೇಕು. ಫೋನಿನಲ್ಲಿ ಬೆಟ್ಟಿ ಮೌಶಿಯ ಧ್ವನಿ ಸಂದೇಶ, ಕ್ಲೈವ್‌ನ ತಾಯಿಯ ತಂಗಿ, ದುಬೈಯಲ್ಲಿರುವವಳು, ರಜೆ ಸಿಗದೆ ಅಂತ್ಯಕ್ರಿಯೆಯನ್ನು ಯೂಟ್ಯೂಬಿನ ಲೈವ್‌ನಲ್ಲಿ ನೋಡಿದವಳು, ನೋಡಿ ಊರೆಲ್ಲ ಫೋನ್ ಮಾಡಿದವಳು — ಹುಡುಗಿ ಕಲ್ಲಿನ ಹಾಗೆ ಕೂತಿದ್ದಾಳೆ, ಗಂಡ ಪೆಟ್ಟಿಗೆಯಲ್ಲಿ, ಇವಳ ಹಣೆಯಲ್ಲಿ ಒಂದು ಸುಕ್ಕು ಬೇಡವಾ. ಆ ಮೌಶಿ ಈಗ ಜೇನಿನ ಧ್ವನಿಯಲ್ಲಿ, ಬಾಯೆ, ತಲುಪಿದಿಯಾ, ಹೊತ್ತಿಗೆ ಸರಿಯಾಗಿ ತಿನ್ನು, ದೇವರು ಬಲ ಕೊಡಲಿ, ಮತ್ತೆ — ಮೌಶಿ ಉಗುಳು ನುಂಗಿದ್ದು ಕೇಳಿಸಿತು — ಮತ್ತೆ ಒಂದು ವಿಷಯ, ಈಗ ಕೇಳುವುದು ಸರಿಯಲ್ಲ, ಆದರೂ ಕೇಳ್ತೇನೆ, ನಿನ್ನ ಹಣೆ ಯಾರು ಮಾಡಿದ್ದು?

ಅವಳು ಅದನ್ನು ಮತ್ತೆ ಹಾಕಿ ಕೇಳಿದಳು. ನಿನ್ನ ಹಣೆ ಯಾರು ಮಾಡಿದ್ದು. ಹಾಲು ಕಾಯಿಸುವಾಗಲೂ, ಹಲ್ಲುಜ್ಜುವಾಗಲೂ, ಯಾರು ಮಾಡಿದ್ದು, ದೇವರು ಮಾಡಿದ್ದು ಅನ್ನಬೇಕಿತ್ತು, ಆದರೆ ಮಾಡಿದ್ದು ಲೆಬನಾನಿನ ಡಾಕ್ಟರಮ್ಮ, ಕ್ಲೈವ್ ಹೋಗುವ ಮೂರು ವಾರ ಮೊದಲು, ಅವಳೇ ಕೆಲಸ ಮಾಡುವ ಕ್ಲಿನಿಕ್ಕಿನಲ್ಲಿ, ಊಟದ ಬಿಡುವಿನಲ್ಲಿ. ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಮಾಡಿದ ಜಾನಿಸ್ ಅಲ್ಲಿ ಅಪಾಯಿಂಟ್‌ಮೆಂಟ್ ಬರೆಯುತ್ತಾಳೆ, ಬರುವವರೆಲ್ಲರ ಮಾತೂ ಈಗ ಒಂದೇ, ದಪ್ಪ ತುಟಿ ಬೇಡ, ಹೊಸ ಮೂಗು ಬೇಡ, ಕತ್ತಿ ಬೇಡ, ಸ್ವಲ್ಪ ಸಾಕು, ಮಾಡಿಸಿಕೊಂಡದ್ದು ಗೊತ್ತೇ ಆಗಬಾರದು. ಬ್ಯಾಂಕಿನವರು, ಶಾಲೆಯ ಟೀಚರುಗಳು, ಅಬಾಯಾ ತೊಟ್ಟ ತಾಯಿ ಮಗಳು ಜೊತೆಯಾಗಿ, ಟೈ ಕಟ್ಟಿದ ಗಂಡಸರು ಹಿಂದಿನ ಲಿಫ್ಟಿನಿಂದ. ಹಾಗೆ ಒಂದು ದಿನ ಅವಳೂ ಆ ಕುರ್ಚಿಯಲ್ಲಿ ಒರಗಿದಳು, ನರ್ಸ್ ನಸೀಮ ಹಣೆಗೆ ಐಸ್ ಒತ್ತಿದಳು, ತಣ್ಣಗೆ ಮರಗಟ್ಟಿತು, ಸಿಟ್ಟು ಮಾಡು ಹಬೀಬ್ತಿ, ಹುಬ್ಬು ಗಂಟು ಹಾಕು, ಅಂದರು ಡಾಕ್ಟರಮ್ಮ, ಗಂಟಿಕ್ಕಿದಳು, ಹುಬ್ಬುಗಳ ನಡುವೆ ಎರಡು ಗೆರೆ ಎದ್ದು ನಿಂತವು, ಸುಕ್ಕು ಅಳಿಸುವ ಸೂಜಿ ಚುಚ್ಚಿದರು, ಖಲಾಸ್, ಇನ್ನು ಎಲ್ಲರೂ ನಿದ್ದೆ ಚೆನ್ನಾಗಿ ಆಯಿತಾ ಅಂತ ಕೇಳ್ತಾರೆ, ಅಷ್ಟೆ. ಅಷ್ಟೇ ಕೇಳಿದರು. ನರದ ತುದಿಯವರೆಗೆ ಸುದ್ದಿ ಬರುತ್ತದೆ, ಸ್ನಾಯುವಿಗೆ ದಾಟುವುದಿಲ್ಲ, ಬಾಗಿಲ ಹೊರಗೇ ನಿಲ್ಲುತ್ತದೆ, ಅವಳಿಗೆ ಅದು ಓದಿದ್ದೇ, ಓದಿದ್ದು ಬೇರೆ, ಹಣೆಯಲ್ಲಿ ಇಟ್ಟುಕೊಂಡು ಓಡಾಡುವುದು ಬೇರೆ.

ಕ್ಲೈವ್ ಒಬ್ಬನಿಗೆ ಗೊತ್ತಾಯಿತು. ಅವನಿಗೆ ಹೇಗೆ ಗೊತ್ತಾಗದೆ ಇರುತ್ತದೆ, ಮದುವೆಯಾದಂದಿನಿಂದ ಆ ಎರಡು ಗೆರೆ ನೋಡಿಯೇ ಬದುಕಿದವನು, ಅವಳಿಗೆ ಸಿಟ್ಟು ಬಂದರೆ ಮಾತಿಗಿಂತ ಮೊದಲು ಹಣೆಯಲ್ಲಿ ಬರುತ್ತಿತ್ತು, ಎರಡು ನೆಟ್ಟನೆಯ ಗೆರೆ, ಇಂಗ್ಲಿಷಿನ ಹನ್ನೊಂದರ ಹಾಗೆ, ಬಂತು ಬಂತು ಹನ್ನೊಂದನೇ ನಂಬರ್ ಬಸ್ಸು, ಅಂತ ಎರಡು ಬೆರಳು ಎತ್ತಿ ತನ್ನ ಹುಬ್ಬುಗಳ ನಡುವೆ ನೆಟ್ಟಗೆ ಹಿಡಿಯುತ್ತಿದ್ದ, ನಾನು ಹತ್ತಬೇಕಾ ಓಡಬೇಕಾ ಮಾರಾಯ್ತಿ? ಗೆರೆ ಹೋದ ಮೇಲೆ ಅನ್ನದ ಬಟ್ಟಲು ಎದುರಿಗಿಟ್ಟುಕೊಂಡು ಅವಳನ್ನು ದಿಟ್ಟಿಸಿದ್ದು — ಎಂತ ಮಾಡಿದ್ದು ನೀನು, ಬಸ್ಸು ರದ್ದಾ, ಇನ್ನು ನನಗೆ ಗೊತ್ತಾಗುವುದು ಹೇಗೆ ಜಾನು, ನೀನು ಬಾಯಿ ಬಿಟ್ಟು ಹೇಳಬೇಕಾಗ್ತದಲ್ಲ. ಹೇಳ್ತೇನೆ, ಅಂದಿದ್ದಳು ಅವಳು. ಹೇಳಲಿಲ್ಲ.

ಬಾಗಿಲ ಹತ್ತಿರ ಚಪ್ಪಲಿ ಸ್ಟ್ಯಾಂಡಿನ ಮೇಲೆ ಹಸಿರು ಪೆಟ್ಟಿಗೆ ಇನ್ನೂ ಕೂತಿದೆ. ಮೇಲಿನ ಮಹಡಿಯ ಜುವಾಕಿಂ ಅಂಕಲ್‌ನ ಡ್ರಿಲ್ ಮಷೀನ್, ಅಡುಗೆಮನೆಯಲ್ಲಿ ಮಸಾಲೆ ಡಬ್ಬಗಳ ಹಲಗೆ ಹಾಕುತ್ತೇನೆ ಅಂತ ಕ್ಲೈವ್ ಕೇಳಿ ತಂದದ್ದು, ಹಲಗೆ ಹಾಕಲಿಲ್ಲ, ಮಷೀನ್ ಕೊಡಲಿಲ್ಲ, ಅಂಕಲ್ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಅವಳಿಗೇ ನಾಚಿಕೆ. ಅವತ್ತು, ಅವನು ಹೋದ ದಿನ, ಬೆಳಿಗ್ಗೆಯೂ ಅದೇ ಮಾತು, ಇವತ್ತಾದರೂ ಕೊಟ್ಟು ಬಾ, ಎಷ್ಟು ಸಲ ಹೇಳುವುದು, ನಿನಗೆ ಮಾನ ಉಂಟಾ ಇಲ್ಲವಾ — ಇಲ್ಲ, ಕೊನೆಯದನ್ನು ಹೇಳಲಿಲ್ಲ, ಹೇಳಲು ಹೊರಟಳು, ಒಳಗೆ ಕುದಿಯುತ್ತಿತ್ತು, ಬಾಗಿಲಿಗೆ ಬಂದು ನಿಂತು ಇಡೀ ಮುಖವನ್ನು ಅವನ ಕಡೆ ತಿರುಗಿಸಿದಳು, ಈ ಮುಖ ನೋಡು, ಅರ್ಥ ಮಾಡಿಕೋ. ಅವನು ನೋಡಿದ. ಲಿಫ್ಟಿನ ಬಾಗಿಲು ತೆರೆದಿತ್ತು, ಒಳಗೆ ಹೋಗಿ ತಿರುಗಿ ನಿಂತ, ಎರಡು ಬೆರಳು ಎತ್ತಿ ಹುಬ್ಬುಗಳ ನಡುವೆ ಹಿಡಿದ, ಆಮೇಲೆ ಎರಡನ್ನೂ ಮಡಚಿದ, ಇಲ್ಲ, ಇವತ್ತು ಬಸ್ಸಿಲ್ಲ, ನಕ್ಕ, ಬಾಗಿಲು ಮುಚ್ಚಿತು. ಮಧ್ಯಾಹ್ನ ಅವನು ಕೆಲಸ ಮಾಡುವ ಹೋಟೆಲಿನವರು ಫೋನ್ ಮಾಡಿದರು, ಮೇಡಂ ನೀವು ಒಬ್ಬರೇ ಇದ್ದೀರಾ, ಯಾರಾದರೂ ಜೊತೆಗಿದ್ದಾರಾ. ಹೃದಯ. ಕುರ್ಚಿಗಳನ್ನು ಜೋಡಿಸುತ್ತಿದ್ದವನು ಒಂದು ಕುರ್ಚಿಯಲ್ಲಿ ಕೂತನಂತೆ. ಆಮೇಲಿನಿಂದ ಅವಳಿಗೆ ಒಂದೇ — ಕೊನೆಯ ಸಲ ಅವನಿಗೆ ತೋರಿಸಿದ ಮುಖ ಸುಳ್ಳು, ಬೆರಳು ಮಡಚಿ ಹೋದವನಿಗೆ ಏನೂ ಗೊತ್ತಾಗಲಿಲ್ಲ, ಗೊತ್ತಾಗಲಿಲ್ಲವೋ, ಗೊತ್ತಾಗಿಯೂ ನಕ್ಕನೋ, ನೊಂದುಕೊಂಡು ನಕ್ಕನೋ, ಬೆರಳು, ಬಾಗಿಲು, ಬೆರಳು.

ಕ್ಲಿನಿಕ್ಕಿನವರೆಗೆ ನಡೆದೇ ಹೋಗಬಹುದು, ನಡೆದಳು, ಬಿಸಿಲು ಆಗಲೇ ಗಾಜಿನ ಮೇಲಿಂದ ಚಿಮ್ಮುತ್ತಿದೆ, ಊರಿನ ಇಗರ್ಜಿಯಲ್ಲಿ ಮಾತ್ರ ತಂಪಿತ್ತು, ಕಲ್ಲುನೆಲ, ಮಣ್ಣು ಮಾಡುವ ದಿನ ಪೆಟ್ಟಿಗೆಯ ಸುತ್ತ ನಿಲ್ಲಿಸಿ ಫೋಟೋ ತೆಗೆದರು, ಮೊದಲು ಮನೆಯವರು, ಆಮೇಲೆ ತಾಯಿಯ ಕಡೆಯವರು, ಸ್ವಲ್ಪ ಹತ್ತಿರ ಬನ್ನಿ, ವಿಧವೆಯವರು ಈ ಕಡೆ ನೋಡಿ, ಕ್ಯಾಮೆರಾದವನು ಅವಳ ಮುಖದ ಹತ್ತಿರಕ್ಕೇ ತಂದ, ಗಲ್ಫಿನಲ್ಲಿ ಕೂತವರಿಗೆ ಕಾಣಬೇಕಲ್ಲ. ಕಂಡಿತು. ಕಣ್ಣೀರು ಇಳಿಯುತ್ತಿತ್ತು, ಕತ್ತಿನವರೆಗೆ ಒದ್ದೆ, ಆದರೆ ಬೆಳಕಿನಲ್ಲಿ ಹಣೆ, ಇಸ್ತ್ರಿ ಹಾಕಿದ ಹಣೆ. ತಿಂಗಳ ಪೂಜೆಯ ದಿನ ಎಮಿಲಿಯಾ ಮಾಯ್, ಕ್ಲೈವ್‌ನ ತಾಯಿ, ಊಟದ ತಟ್ಟೆ ಎತ್ತುತ್ತಾ ಯಾರಿಗೋ ಹೇಳಿದ ಹಾಗೆ ಹೇಳಿದ್ದು, ನನ್ನ ಮಗನಿಗೆ ಒಂದು ಗೆರೆ ಕೂಡ ಕೊಡಲಿಲ್ಲ. ಅವಳು ಉಳಿದ ತಟ್ಟೆಗಳನ್ನು ಎತ್ತಿದಳು. ಏನು ಉತ್ತರ, ಗೆರೆ ಇತ್ತು ಮಾಯ್, ಹೊರಗೆ ಬರಲಿಲ್ಲ, ಯಾಕೆಂದರೆ ನಾನು — ಹೇಳಿದರೆ ಗಂಡನಿರುವಾಗ ಹಣೆಗೆ ಸೂಜಿ ಹಾಕಿಸಿಕೊಂಡವಳು ಅನ್ನುತ್ತಾರೆ, ಹೇಳದಿದ್ದರೆ ಕಲ್ಲು ಅನ್ನುತ್ತಾರೆ, ಕಲ್ಲೇ ಇರಲಿ ಅಂದುಕೊಂಡಳು. ಅಂದುಕೊಂಡಿದ್ದಳು, ಇವತ್ತಿನವರೆಗೆ.

ಬಂದಿಯಾ, ಅಂತ ನಸೀಮ ಅಪ್ಪಿಕೊಂಡಳು, ಅಪ್ಪಿಕೊಂಡು ಹಾಗೇ ಇದ್ದಳು, ಬಿಟ್ಟು ಮೂಗು ಒರೆಸಿಕೊಂಡು, ಒಂದು ಹೇಳ್ತೇನೆ ಬೈಬಾರದು, ನಿಮ್ಮ ಜಾತಿಯ ಹೆಂಗಸರಿಗೆ ಎಂತ ಆಗಿದೆ, ಎಲ್ಲರೂ ಫೋನ್ ಮಾಡಿ ಕೇಳುವುದು ಒಂದೇ, ಜಾನಿಸ್‌ಗೆ ಮಾಡಿದ ಡಾಕ್ಟರ್ ಯಾರು, ಅಷ್ಟೇ ಬೇಕು, ಹೆಚ್ಚು ಬೇಡ ಅಂತ. ಜಾನಿಸ್ ಕಂಪ್ಯೂಟರಿನಲ್ಲಿ ಅಪಾಯಿಂಟ್‌ಮೆಂಟ್ ಪಟ್ಟಿ ತೆರೆದಳು. ಇದ್ದವು, ಒಂದರ ಕೆಳಗೊಂದು, ಗೊತ್ತಿದ್ದ ಮನೆತನದ ಹೆಸರುಗಳು, ಲೈವ್ ನೋಡಿ ಛೆ ಛೆ ಅಂದವರು, ಪೆಟ್ಟಿಗೆಯನ್ನು ಬಿಟ್ಟು ಅವಳ ಹಣೆಯನ್ನೇ ನೋಡಿದವರು, ಮತ್ತೆ ಮತ್ತೆ ನಿಲ್ಲಿಸಿ, ದೊಡ್ಡದು ಮಾಡಿ ನೋಡಿದವರು. ಅಳು ಬಂತು ಅಂದುಕೊಂಡಳು, ಬಂದದ್ದು ನಗು. ಅವಳು ನಕ್ಕಳು, ರಿಸೆಪ್ಷನ್ನಿನ ಬಿಳಿ ಮೇಜಿನ ಮೇಲೆ ತಲೆ ಇಟ್ಟು ನಕ್ಕಳು, ಕ್ಲೈವ್, ಕೇಳಿದಿಯಾ ಮಾರಾಯ, ನಿನ್ನ ಮರಣದಲ್ಲಿ ನನ್ನ ಹಣೆಗೆ ಗಿರಾಕಿ. ನಸೀಮ ಹೆದರಿ ನೀರು ತಂದಳು. ನೀರು ಕುಡಿದು ಬೆಟ್ಟಿ ಮೌಶಿಗೆ ಫೋನ್ ಮಾಡಿದಳು. ಹೌದು ಮೌಶಿ, ಮಾಡಿಸಿದ್ದು ಇಲ್ಲಿಯೇ. ಅಯ್ಯೋ ಮೆಲ್ಲಗೆ ಹೇಳು ಬಾಯೆ. ಯಾಕೆ ಮೆಲ್ಲಗೆ, ಕ್ಲೈವ್ ಇರುವಾಗ ಮಾಡಿಸಿದ್ದು, ಅವನಿಗೆ ಗೊತ್ತಿತ್ತು, ಪೆಟ್ಟಿಗೆಯ ಹತ್ತಿರ ನನಗೆ ಅಳು ಬಂದಿತ್ತು, ಹುಬ್ಬು ಗಂಟಾಗಲಿಲ್ಲ, ಗಂಟಾಗಲಿಕ್ಕೆ ಆಗುವುದಿಲ್ಲ, ಅಷ್ಟೇ. ಅದು ನಮಗೆಲ್ಲ ಅರ್ಥ ಆಗ್ತದೆ ಬಿಡು, ಈಗ ನನಗೆ ಮಗ ಕೆವಿನ್‌ನ ಮದುವೆಗೆ ಮೊದಲು — ಸಿಗ್ತದೆ ಮೌಶಿ, ಆದರೆ ಮೊದಲು ಮಾಯ್‌ಗೆ ಫೋನ್ ಮಾಡಿ, ಇದನ್ನೆಲ್ಲ ನೀವೇ ಹೇಳಬೇಕು, ನಿಮ್ಮ ಬಾಯಿಂದ, ಆಮೇಲೆ ನಾನು ದಿನ ಬರೆಯುವುದು. ಮೌಶಿ ಉಸಿರು ಎಳೆದಳು. ಅಕ್ಕನಿಗೆ ಅದನ್ನು ನಾನು ಹೇಗೆ ಹೇಳುವುದು? ಲೈವ್ ನೋಡಿ ಹೇಳಿದಿರಲ್ಲ, ಹಾಗೆಯೇ. ಫೋನ್ ಇಟ್ಟಾಗ ಜಾನಿಸ್‌ಗೆ ಹಸಿವಾಗುತ್ತಿತ್ತು, ನಿಜವಾದ ಹಸಿವು, ನಸೀಮಳ ಡಬ್ಬದಿಂದ ಅಕ್ಕಿರೊಟ್ಟಿಯಂಥ ಪತ್ತಿರಿ ತೆಗೆದು ನಿಂತಲ್ಲೇ ತಿಂದಳು.

ಊಟದ ಹೊತ್ತಿಗೆ ಮಾಯ್ ಫೋನ್ ಮಾಡಿದರು. ಆ ಕಡೆ ಕುಕ್ಕರ್ ಕೂಗಿತು, ನಿಂತಿತು, ಆಮೇಲೆ, ಚುಚ್ಚುವಾಗ ನೋವಾಯ್ತಾ ಮಗಾ? ಇಲ್ಲ ಮಾಯ್. ಬೆಟ್ಟಿ ಹೇಳಿದಳು. ಹೂಂ. ನಾನು ಹಣೆಯನ್ನೇ ನೋಡಿದೆ, ಅಂದರು ಮಾಯ್, ನಿನ್ನ ರವಿಕೆ ಒದ್ದೆ ಇತ್ತು, ಅಪ್ಪಿಕೊಂಡಾಗ ನನಗೆ ತಾಗಿತ್ತು, ಆದರೂ ಹಣೆಯನ್ನೇ ನೋಡಿದೆ. ಮತ್ತೆ ಕುಕ್ಕರ್. ಎಂತ ಊಟ ಮಾಡಿದಿ? ಪತ್ತಿರಿ ಮಾಯ್. ಒಳ್ಳೆಯದಾಯ್ತು. ಅಷ್ಟೇ, ಅಷ್ಟರಲ್ಲಿ ಒಂದು ಬಂಡೆ ಜಾಗ ಬಿಟ್ಟು ಸರಿಯಿತು. ಸಂಜೆ ಡಾಕ್ಟರಮ್ಮ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಮದ್ದು ಇಳೀತಾ ಇದೆ, ಗೆರೆ ಸ್ವಲ್ಪ ಸ್ವಲ್ಪ ವಾಪಸು ಬರ್ತಾ ಇದೆ ಹಬೀಬ್ತಿ, ಇನ್ನೊಮ್ಮೆ ಮಾಡೋಣವಾ, ನನ್ನ ಉಡುಗೊರೆ. ಮಾಡೋಣ ಡಾಕ್ಟರ್, ಬೇಕೆನಿಸಿದಾಗ ನಾನೇ ಕೂತುಕೊಳ್ಳುತ್ತೇನೆ, ಇವತ್ತು ಬೇಡ, ಇವತ್ತು ಗೋಡೆ ಕೊರೆಯಲಿಕ್ಕುಂಟು.

ಹಸಿರು ಪೆಟ್ಟಿಗೆಯನ್ನು ಎತ್ತಿ ಅಡುಗೆಮನೆಗೆ ತಂದಳು, ಇಷ್ಟು ಭಾರವಾ ಇದು, ಪೆನ್ಸಿಲಿನಲ್ಲಿ ಕ್ಲೈವ್ ಗೋಡೆಯ ಮೇಲೆ ಗುರುತು ಮಾಡಿ ಬಿಟ್ಟದ್ದು ಹಾಗೇ ಇದೆ, ಎರಡು ಚುಕ್ಕೆ, ಹಲಗೆ ಫ್ರಿಜ್ಜಿನ ಹಿಂದೆ, ಸ್ಕ್ರೂಗಳು ಅವನ ಹಳೆಯ ಸಕ್ಕರೆ ಡಬ್ಬದಲ್ಲಿ. ಒತ್ತಿದಳು. ಗೋಡೆ ಕಿರುಚಿತು, ಮಷೀನ್ ಜಾರಿ ಬಣ್ಣ ಗೀಚಿತು, ಕಾಂಕ್ರೀಟು, ಇದನ್ನು ಅವನು ಮುಂದೂಡಿದ್ದರಲ್ಲಿ ಆಶ್ಚರ್ಯವಿಲ್ಲ ಸೋಮಾರಿ, ಮತ್ತೆ ಇಟ್ಟಳು, ಭುಜ ಕೊಟ್ಟು ಒತ್ತಿದಳು, ಹಲ್ಲು ಕಚ್ಚಿದಳು, ಬಿಳಿ ಪುಡಿ ಕೈಮೇಲೆ, ಮೂಗಿನ ಮೇಲೆ, ರೆಪ್ಪೆಯ ಮೇಲೆ, ಹೋಗು, ಹೋಗು, ಒಳಗೆ ಹೋಗು, ಆಗ ಹಣೆಯಲ್ಲಿ ಏನೋ ಸೆಳೆಯಿತು. ತೀರಾ ಸಣ್ಣದು. ಬಾಗಿಲ ಹೊರಗೆ ಇಷ್ಟು ದಿನ ನಿಂತ ಸುದ್ದಿ ಒಂದು ಕಾಲು ಒಳಗಿಟ್ಟ ಹಾಗೆ. ಅವಳು ನಿಲ್ಲಿಸಲಿಲ್ಲ, ಎರಡನೆಯದನ್ನೂ ಕೊರೆದಳು. ಹಲಗೆ ಕೂತಿತು, ಸ್ವಲ್ಪ ಎಡಕ್ಕೆ ಓರೆ, ಇರಲಿ, ಅರಿಸಿನ, ಮೆಣಸಿನ ಪುಡಿ, ಜೀರಿಗೆ, ಡಬ್ಬಗಳು ಜಾರಲಿಲ್ಲ, ಎದುರು ನಿಂತು ಸೊಂಟದ ಮೇಲೆ ಕೈಯಿಟ್ಟು ನೋಡಿದಳು, ಮಸಾಲೆ ಡಬ್ಬಗಳನ್ನು ಯಾರೂ ಹೀಗೆ ನೋಡಿರಲಾರರು.

ಆಮೇಲೆ ಮಷೀನನ್ನು ಒರೆಸಿ, ಪೆಟ್ಟಿಗೆಗೆ ಹಾಕಿ, ಮೆಟ್ಟಿಲು ಹತ್ತಿ, ಜುವಾಕಿಂ ಅಂಕಲ್‌ನ ಬೆಲ್ ಒತ್ತಿದಳು. ಅಯ್ಯೋ ಮಗಾ, ಇದಕ್ಕೆಂತ ಅವಸರ, ನಾನು ನಿನ್ನ ಹತ್ತಿರ ಕೇಳಲಿಲ್ಲವಲ್ಲ. ತಡವಾಯ್ತು ಅಂಕಲ್, ಕ್ಲೈವ್ ಕೇಳಿ ತಂದದ್ದು, ಕೊಡಬೇಕಿತ್ತು. ಅಂಕಲ್ ಪೆಟ್ಟಿಗೆಯ ಹಿಡಿಗೆ ಕೈಹಾಕಿದರು, ಎತ್ತಲಿಲ್ಲ, ಬಿಡಲಿಲ್ಲ, ಇಬ್ಬರ ಕೈಯೂ ಅದರ ಮೇಲೆ. ಅವತ್ತು ಬೆಳಿಗ್ಗೆ ಲಿಫ್ಟಿನ ಒಳಗೆ ನಾನೇ ಇದ್ದೆ, ಅಂದರು, ನಿನಗೆ ಕಾಣಲಿಲ್ಲ, ಮೂಲೆಯಲ್ಲಿದ್ದೆ. ಎಲ್ಲಿ ಮಾರಾಯ ನನ್ನ ಡ್ರಿಲ್ಲು ಅಂದೆ. ಸಂಜೆ ಖಂಡಿತ ಅಂಕಲ್, ಅಂದ. ಆಮೇಲೆ ಎಂತ ಹೇಳಿದ ಗೊತ್ತುಂಟಾ, ಅಂಕಲ್, ಇವತ್ತು ನನಗೆ ಬೈಗುಳ ಬೀಳಬೇಕಿತ್ತು, ಹೊಟ್ಟೆ ತುಂಬ ಸಿಟ್ಟಿತ್ತು ಅವಳಿಗೆ, ಧ್ವನಿಯಲ್ಲೇ ಗೊತ್ತಾಯ್ತು, ಆದರೆ ಬೈಯದೆ ಕಳಿಸಿದಳು ನೋಡಿ, ಬಾಗಿಲಿಗೆ ಬಂದು ನಿಂತು ಕಳಿಸಿದಳು, ಇಂಥ ಹೆಂಡತಿ ಯಾರಿಗುಂಟು ಅಂತ. ಕೆಳಗೆ ತಲುಪುವವರೆಗೆ ಸೀಟಿ ಹೊಡೆಯುತ್ತಾ ಇದ್ದ. ನಿನಗೆ ಹೇಳಬೇಕು ಅಂತ ಇತ್ತು ಮಗಾ, ಫೋನಿನಲ್ಲಿ ಹೇಳುವ ಮಾತಲ್ಲ ಅಂತ ಸುಮ್ಮನಾದೆ. ಗೊತ್ತಿತ್ತು. ಅವನಿಗೆ ಗೊತ್ತಿತ್ತು, ಗೆರೆ ಇಲ್ಲದೆಯೂ ಓದಿದ, ಓದಿಯೇ ನಕ್ಕ, ಮಾಯ್‌ಗೆ ಹೇಳಬೇಕು, ಸೀಟಿ ಹೊಡೆಯುತ್ತಾ ಹೋದ ನಿಮ್ಮ ಮಗ, ಇವತ್ತೇ ಹೇಳಬೇಕು — ಹುಬ್ಬುಗಳ ನಡುವೆ ಚರ್ಮ ಎದ್ದು ಮಡಚುತ್ತಿದೆ, ಗೋಡೆಯ ಬಿಳಿ ಪುಡಿ ಅಲ್ಲಿಂದ ಉದುರುತ್ತಿದೆ, ಜಾನಿಸ್ ಹಿಡಿಯನ್ನು ಬಿಟ್ಟಳು, ಭಾರ ಅಂಕಲ್‌ನ ಕೈಗೆ ಹೋಯಿತು, ಅವಳ ಕೈ ಖಾಲಿ, ಹಗುರ, ಹಗುರವಾದ ಕೈ ತಾನಾಗಿ ಹಣೆಯ ಕಡೆ ಏಳುತ್ತಿದೆ, ಕಣ್ಣೆದುರು ಲಿಫ್ಟಿನ ಬಾಗಿಲು ಮುಚ್ಚುತ್ತಿದೆ, ಸೀಳಿನಲ್ಲಿ ಕ್ಲೈವ್‌ನ ಎರಡು ಬೆರಳು, ನೆಟ್ಟಗೆ, ನಗುತ್ತಾ, ಎರಡು ಬೆರಳು —